ನರ್ಸಿಂಗ್ ಓದುವ ಮಗಳ ಮದುವೆ: ಓದು ಅರ್ಧಕ್ಕೆ ನಿಲ್ಲಬೇಕೆ?

ಪ್ಲಸ್ ಟು ಫಲಿತಾಂಶ ಬಂದ ಮೇಲೆ ಪ್ರತಿವರ್ಷವೂ ಕೆಲವು ತಂದೆತಾಯಂದಿರು ನಮ್ಮ ಶಾಲೆಗೆ ಹುಡುಕಿಕೊಂಡು ಬರುತ್ತಾರೆ. ಅವರ ಮಕ್ಕಳು ಹತ್ತನೆಯ ತರಗತಿಯ ತನಕ ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು ಹೋದವರು. "ಮಾಸ್ಟ್ರೇ, ಹುಡುಗಿಗೆ ನರ್ಸಿಂಗ್ ಆದೀತೇ?" ಎಂಬುದು ಮೊದಲ ಪ್ರಶ್ನೆ. ಎರಡನೆಯದು ಶುಲ್ಕದ ಬಗ್ಗೆ. ಎದ್ದು ಹೊರಡುವಾಗ ತಾಯಿ ಮೆಲ್ಲನೆ ಕೇಳುವ ಮೂರನೆಯ ಪ್ರಶ್ನೆಯೊಂದುಂಟು: "ನಡುವೆ ಒಳ್ಳೆಯ ಸಂಬಂಧ ಬಂದರೆ ಏನು ಮಾಡುವುದು?"

ಮೊದಲಿನ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವವರು ಬಹಳ ಮಂದಿ ಇದ್ದಾರೆ. ಕಾಲೇಜಿನವರು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ, ಹುಡುಗಿಯರನ್ನು ಕಾಲೇಜಿಗೆ ಸೇರಿಸಿಕೊಡುವ ದಲ್ಲಾಳಿಗಳೂ ಹೇಳುತ್ತಾರೆ. ಮೂರನೆಯದಕ್ಕೆ ಮಾತ್ರ ಯಾರೂ ಉತ್ತರಿಸುವುದಿಲ್ಲ. ಆದರೆ ನಾವು ಕಂಡಂತೆ, ನಮ್ಮ ಹುಡುಗಿಯರ ನರ್ಸಿಂಗ್ ಓದು ಮುಗಿಯುವುದೋ ನಿಲ್ಲುವುದೋ ಎಂಬುದು ಅನೇಕ ಸಲ ಈ ಮೂರನೆಯ ಪ್ರಶ್ನೆಯಲ್ಲೇ ತೀರ್ಮಾನವಾಗುತ್ತದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯವೆಂದು ತೋರಿತು.

ಮೊದಲು ವಯಸ್ಸಿನ ಲೆಕ್ಕ ನೋಡೋಣ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಓದು, ಜಿ.ಎನ್.ಎಂ. ಮೂರು ವರ್ಷದ್ದು. ಪ್ಲಸ್ ಟು ಮುಗಿಸಿ ಹದಿನೆಂಟರ ಆಸುಪಾಸಿನಲ್ಲಿ ಸೇರಿದ ಹುಡುಗಿ ಇಪ್ಪತ್ತೆರಡಕ್ಕೆ ಹೊರಬರುತ್ತಾಳೆ. ನಮ್ಮ ಮನೆಗಳಿಗೆ ಹೆಣ್ಣು ಕೇಳಿಕೊಂಡು ಬರುವುದೂ ಇದೇ ನಾಲ್ಕು ವರ್ಷಗಳಲ್ಲಿ. ಕಾನೂನಿನ ಪ್ರಕಾರ ಹೆಣ್ಣಿಗೆ ಮದುವೆಯ ವಯಸ್ಸು 18. ಅದನ್ನು 21ಕ್ಕೆ ಏರಿಸುವ ಮಸೂದೆಯನ್ನು ಕೇಂದ್ರ ಸರಕಾರ 2021ರ ದಶಂಬರದಲ್ಲಿ ಲೋಕಸಭೆಯಲ್ಲಿ ಮಂಡಿಸಿತ್ತು. ಅದು ಸಮಿತಿಗೆ ಹೋಯಿತು. 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ಅಂದರೆ, ಓದಿನ ನಡುವೆ ಮದುವೆ ಬೇಡವೆಂದು ಕಾನೂನು ಹೇಳುವುದಿಲ್ಲ. ಹೇಳಬೇಕೆಂದು ನಾವೂ ವಾದಿಸುವುದಿಲ್ಲ. ಹುಡುಗಿ ಒಪ್ಪಿದರೆ, ಮನೆಯ ಪರಿಸ್ಥಿತಿ ಹಾಗಿದ್ದರೆ, ಮದುವೆ ನಡೆಯುತ್ತದೆ. ಮದುವೆಯಾದ ಮೇಲೆ ಓದಿನ ಗತಿಯೇನು ಎಂಬುದೇ ಇಲ್ಲಿ ಚರ್ಚಿಸಬೇಕಾದ ವಿಷಯ.

ಒಂದು ಉದಾಹರಣೆ ಕೊಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಕಲಿತ ಒಬ್ಬ ಹುಡುಗಿ ಗಡಿಯಾಚೆಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗಿಗೆ ಸೇರಿದಳು. ತಾಯಿ ಬೀಡಿ ಕಟ್ಟಿ ಉಳಿಸಿದ ಹಣ, ಅದರ ಮೇಲೆ ಬ್ಯಾಂಕಿನ ಸಾಲ. ಮೂರನೆಯ ವರ್ಷದಲ್ಲಿ ಮದುವೆಯಾಯಿತು. ಗಂಡಿನ ಕಡೆಯವರು ನಿಶ್ಚಿತಾರ್ಥದ ದಿನ "ಓದಲಿ, ನಮ್ಮದೇನೂ ಅಡ್ಡಿಯಿಲ್ಲ" ಎಂದಿದ್ದರು. ಆರು ತಿಂಗಳಲ್ಲಿ ಬಸಿರಾದಳು. ವಾಂತಿ, ಆಯಾಸ, ಬಸ್ಸಿನ ಪ್ರಯಾಣ, ಅದರ ಮೇಲೆ ರಾತ್ರಿ ಪಾಳಿ. ಹಾಜರಿ ಕಡಿಮೆಯಾಯಿತು, ಪರೀಕ್ಷೆಗೆ ಕೂಡಿಸಲಿಲ್ಲ. ಬಾಣಂತನಕ್ಕೆ ತಾಯಿಮನೆಗೆ ಬಂದವಳು ಮತ್ತೆ ಕಾಲೇಜಿನ ಮೆಟ್ಟಲು ಹತ್ತಲಿಲ್ಲ. ಮೂಲ ಪ್ರಮಾಣಪತ್ರಗಳನ್ನು ಕೇಳಲು ಹೋದ ತಂದೆಗೆ ಉಳಿದ ವರ್ಷದ ಶುಲ್ಕವನ್ನೂ ಕಟ್ಟಿ ಎಂಬ ಉತ್ತರ ಸಿಕ್ಕಿತು. ಈಗ ಆಕೆ ಪೇಟೆಯ ಒಂದು ಬಟ್ಟೆಯಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಸಾಲದ ಕಂತನ್ನು ತಂದೆ ಕಟ್ಟುತ್ತಿದ್ದಾರೆ.

ಇಲ್ಲಿ ತಪ್ಪು ಯಾರದು? ಹುಡುಗಿ ಸೋಮಾರಿಯಲ್ಲ. ಅತ್ತೆಮಾವಂದಿರು ಕೆಟ್ಟವರೂ ಅಲ್ಲ. ಕಾಲೇಜೂ ನಿಯಮವನ್ನೇ ತೋರಿಸಿತು. ಎಲ್ಲರೂ ಒಳ್ಳೆಯ ಮಾತನ್ನೇ ಆಡಿದರು. ಆದರೆ ಆ ಓದಿನ ನಿಯಮ ಏನೆಂದು ಯಾರೂ ಮೊದಲೇ ಓದಿ ನೋಡಿರಲಿಲ್ಲ.

ಆ ನಿಯಮವನ್ನು ಈಗ ನೋಡೋಣ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಬದಲಾಯಿಸಿ ವಾರ್ಷಿಕ ಪದ್ಧತಿಯ ಬದಲು ಎಂಟು ಸೆಮಿಸ್ಟರುಗಳ ಪದ್ಧತಿ ತಂದಿತು. ಒಂದು ಸೆಮಿಸ್ಟರಿಗೆ 20 ವಾರ, ವಾರಕ್ಕೆ 40 ಗಂಟೆ. ಪರೀಕ್ಷೆಗೆ ಕುಳಿತುಕೊಳ್ಳಲು ಪಾಠದಲ್ಲೂ ಪ್ರಾಯೋಗಿಕದಲ್ಲೂ ಶೇಕಡಾ 80 ಹಾಜರಿ ಬೇಕು. ಇಷ್ಟೇ ಅಲ್ಲ, ಪದವಿ ಕೈಗೆ ಬರುವ ಮೊದಲು ಆಸ್ಪತ್ರೆಯ ಪ್ರಾಯೋಗಿಕ ಕೆಲಸದ ಪ್ರತಿಯೊಂದು ವಿಭಾಗದಲ್ಲೂ ಶೇಕಡಾ ನೂರು ಹಾಜರಿ ಪೂರೈಸಿರಬೇಕು. ಜಿ.ಎನ್.ಎಂ. ಓದಿಗೂ ಪ್ರಾಯೋಗಿಕದ ಈ ನೂರರ ನಿಯಮ ಉಂಟು.

ಇದು ನಿಷ್ಠುರ ನಿಯಮವೆಂದು ಕಾಣಬಹುದು. ಆದರೆ ಅದರ ಹಿಂದೆ ನ್ಯಾಯವಿದೆ. ಹೆರಿಗೆ ಕೋಣೆಯಲ್ಲಿ ನಿಲ್ಲದವಳು ಹೆರಿಗೆ ಮಾಡಿಸುವುದನ್ನು ಕಲಿಯಲಾರಳು. ಚರಿತ್ರೆಯ ಪಾಠ ತಪ್ಪಿದರೆ ಪುಸ್ತಕ ಓದಿಕೊಳ್ಳಬಹುದು, ವಾರ್ಡಿನ ಪಾಠ ತಪ್ಪಿದರೆ ವಾರ್ಡಿನಲ್ಲೇ ಕಲಿಯಬೇಕು. ನಾಳೆ ನಮ್ಮ ಮಗುವಿಗೆ ಸೂಜಿಮದ್ದು ಕೊಡುವವಳು ಆ ಗಂಟೆಗಳನ್ನು ಪೂರ್ತಿ ಮಾಡಿರಲಿ ಎಂದೇ ನಾವೂ ಬಯಸುತ್ತೇವೆ.

ಈಗ ಲೆಕ್ಕ ಹಾಕಿರಿ. 20 ವಾರದಲ್ಲಿ ಶೇಕಡಾ 20 ಎಂದರೆ ನಾಲ್ಕು ವಾರ. ಒಂದು ಸೆಮಿಸ್ಟರಿನಲ್ಲಿ ಹುಡುಗಿ ತಪ್ಪಿಸಿಕೊಳ್ಳಬಹುದಾದದ್ದು ಹೆಚ್ಚೆಂದರೆ ಅಷ್ಟೇ. ಅದೂ ಪ್ರಾಯೋಗಿಕದ ಗಂಟೆಗಳನ್ನು ಆಮೇಲೆ ತುಂಬಿಸಿಕೊಡಬೇಕೆಂಬ ಷರತ್ತಿನ ಮೇಲೆ. ನಮ್ಮ ಊರ ಪದ್ಧತಿಯ ಬಾಣಂತನವೇ ನಲ್ವತ್ತು ದಿನ. ಹೆರಿಗೆಗೆ ಮೊದಲಿನ ಕೆಲವು ವಾರ ಸೇರಿಸಿದರೆ ನಾಲ್ಕು ವಾರದ ಬೇಲಿ ಎಲ್ಲಿಯೋ ಹಿಂದೆ ಉಳಿಯುತ್ತದೆ. ಆದ್ದರಿಂದ, ಸೆಮಿಸ್ಟರಿನ ನಡುವೆ ಹೆರಿಗೆಯಾದ ಹುಡುಗಿ ತನ್ನ ಜತೆಯವರೊಡನೆಯೇ ಪರೀಕ್ಷೆ ಬರೆದು ಮುಂದೆ ಹೋಗುವುದು ಬಹುಮಟ್ಟಿಗೆ ಆಗದ ಮಾತು. ಇದನ್ನು ಮೊದಲೇ ಒಪ್ಪಿಕೊಂಡರೆ ಒಳ್ಳೆಯದು.

ಆದರೆ ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತೂ ಉಂಟು. ನಾಲ್ಕು ವರ್ಷದ ಓದನ್ನು ಮುಗಿಸಲು ಗರಿಷ್ಠ ಎಂಟು ವರ್ಷಗಳ ಅವಕಾಶವಿದೆ. ಹಿಂದುಳಿದವಳು ಕಿರಿಯ ತಂಡದೊಡನೆ ಸೇರಿ ಮುಂದುವರಿಯಬಹುದು. ಆರು ತಿಂಗಳೋ ಒಂದು ವರ್ಷವೋ ತಡವಾಗುತ್ತದೆ, ಅಷ್ಟೆ. ನಮ್ಮ ಹುಡುಗಿಯ ತಂದೆಗೆ ಈ ಒಂದು ಸಾಲು ಗೊತ್ತಿದ್ದರೆ ಇಂದು ಆಕೆ ಬಟ್ಟೆಯಂಗಡಿಯಲ್ಲಿ ಇರುತ್ತಿರಲಿಲ್ಲ. ಹೆರಿಗೆ ಓದನ್ನು ತಡಮಾಡುತ್ತದೆಯೇ ಹೊರತು ಮುಗಿಸುವುದಿಲ್ಲ. ಓದನ್ನು ಕೊನೆಗಾಣಿಸುವುದು ಮನೆಯ ನಿರ್ಧಾರ.

ಅರ್ಧ ಓದಿಗೆ ಬೆಲೆ ಏನು ಎಂಬುದನ್ನೂ ಹೇಳಬೇಕು. ಬಿ.ಎ. ಎರಡು ವರ್ಷ ಓದಿದವಳಿಗೆ ಕಡೇಪಕ್ಷ ಓದಿನ ಪ್ರಯೋಜನ ಉಳಿಯುತ್ತದೆ. ನರ್ಸಿಂಗಿನಲ್ಲಿ ಮೂರು ವರ್ಷ ಕಲಿತವಳಿಗೆ ಮುಕ್ಕಾಲು ನರ್ಸ್ ಎಂಬ ಸ್ಥಾನವಿಲ್ಲ. ಪೂರ್ತಿ ಪಾಸಾಗಿ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವಳಷ್ಟೇ ನರ್ಸ್. ಖಾಸಗಿ ಆಸ್ಪತ್ರೆಗಳ ನರ್ಸುಗಳಿಗೆ 20,000 ರೂಪಾಯಿಯಿಂದ ಮೊದಲ್ಗೊಂಡು ಕನಿಷ್ಠ ವೇತನ ನಿಗದಿಪಡಿಸಿ ಕೇರಳ ಸರಕಾರ 2018ರ ಎಪ್ರಿಲಿನಲ್ಲಿ ಅಧಿಸೂಚನೆ ಹೊರಡಿಸಿತು. ಆ ವೇತನ ಬಂದದ್ದು ನರ್ಸುಗಳ ವರ್ಷಗಟ್ಟಲೆಯ ಹೋರಾಟದಿಂದ. ನೋಂದಣಿ ಇಲ್ಲದವಳು ಅದರ ಹತ್ತಿರವೂ ಸುಳಿಯುವಂತಿಲ್ಲ. ಮುದುಕರ ಮನೆಯಲ್ಲಿ ಹೋಂ ನರ್ಸ್ ಎಂದು ಕರೆಸಿಕೊಂಡು ಸಿಕ್ಕಿದ ಸಂಬಳಕ್ಕೆ ದುಡಿಯುವುದೊಂದೇ ಅವಳಿಗೆ ಉಳಿಯುವ ದಾರಿ. ಇತ್ತ ಸಾಲದ ಲೆಕ್ಕ ನಿಲ್ಲುವುದಿಲ್ಲ. ಬ್ಯಾಂಕುಗಳ ಮಾದರಿ ವಿದ್ಯಾಭ್ಯಾಸ ಸಾಲ ಯೋಜನೆಯಲ್ಲಿ ಓದಿನ ಅವಧಿ ಮತ್ತು ಆ ಬಳಿಕ ಒಂದು ವರ್ಷ ಕಂತಿಗೆ ಬಿಡುವು ಕೊಡುತ್ತಾರೆ. ಓದು ನಿಂತರೂ ಸಾಲ ನಿಲ್ಲದು.

ಮದುವೆಯಾದ ನರ್ಸನ್ನು ಒಪ್ಪಿಕೊಳ್ಳಲು ಲೋಕಕ್ಕೆ ಬಹಳ ಕಾಲ ಹಿಡಿಯಿತು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ಶಾಲೆ ಲಂಡನಿನ ಸೈಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ಆರಂಭವಾದಂದಿನಿಂದ, ಆಸ್ಪತ್ರೆಯ ವಸತಿಯಲ್ಲೇ ಇದ್ದು ಕಲಿಯುವ ಒಂಟಿ ಹೆಣ್ಣೇ ನರ್ಸಿಂಗಿನ ಮಾದರಿಯಾಯಿತು. ನಮ್ಮ ಹಾಸ್ಟೆಲುಗಳ ನಿಯಮ, ಪಾಳಿಗಳ ಕ್ರಮ ಎಲ್ಲವೂ ಆ ಮಾದರಿಯ ಮೇಲೆಯೇ ನಿಂತಿವೆ. ನಮ್ಮ ದೇಶದಲ್ಲಿ ಮಿಲಿಟರಿ ನರ್ಸಿಂಗ್ ಸೇವೆಯ ಅಧಿಕಾರಿ ಮದುವೆಯಾದರೆ ಕೆಲಸದಿಂದ ಬಿಡುಗಡೆ ಮಾಡಬಹುದೆಂಬ 1977ರ ಒಂದು ಆದೇಶವೇ ಇತ್ತು. 1995ರಲ್ಲಿ ಅದನ್ನು ಹಿಂದೆಗೆದುಕೊಂಡರು. ಅಷ್ಟರೊಳಗೆ, 1988ರಲ್ಲಿ, ಲೆಫ್ಟಿನೆಂಟ್ ಸೆಲಿನಾ ಜಾನ್ ಅವರು ಮದುವೆಯಾದ ಕಾರಣಕ್ಕೆ ಕೆಲಸ ಕಳೆದುಕೊಂಡಿದ್ದರು. ಅವರ ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಗಿ 2024ರ ಫೆಬ್ರವರಿ 14ರಂದು ತೀರ್ಮಾನವಾಯಿತು. ಮದುವೆಯಾದಳೆಂದು ಹೆಣ್ಣನ್ನು ಕೆಲಸದಿಂದ ತೆಗೆಯುವುದು ಲಿಂಗಭೇದದ ಅನ್ಯಾಯವೆಂದು ನ್ಯಾಯಾಲಯ ಹೇಳಿ, 60 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆಜ್ಞಾಪಿಸಿತು. ನ್ಯಾಯ ಸಿಕ್ಕಿತು ನಿಜ, ಆದರೆ 36 ವರ್ಷಗಳ ಮೇಲೆ.

ವಿದೇಶಾಂಗ ಸೇವೆಯಲ್ಲೂ ಇಂಥದೇ ನಿಯಮವಿತ್ತು. ನಮ್ಮ ನೆರೆಯ ಕೊಡಗಿನ ವೀರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ ಅವರು ಸುಪ್ರೀಂ ಕೋರ್ಟಿಗೆ ಹೋದಾಗ, 1979ರಲ್ಲಿ, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಹೀಗೆ ಕಾನೂನಿನ ಪುಸ್ತಕದಲ್ಲಿದ್ದ ಅಡ್ಡಗೋಡೆಗಳು ಒಂದೊಂದಾಗಿ ಬಿದ್ದಿವೆ. ಈಗ ಉಳಿದಿರುವುದು ಬರೆದಿಟ್ಟ ನಿಷೇಧವಲ್ಲ, ಬರೆಯದೆ ಬಿಟ್ಟ ಜಾಗ.

ಆ ಜಾಗ ಯಾವುದು? ದುಡಿಯುವ ಹೆಣ್ಣಿಗೆ 1961ರ ಹೆರಿಗೆ ಸೌಲಭ್ಯ ಕಾಯಿದೆ ಇತ್ತು. 2017ರ ತಿದ್ದುಪಡಿ ಮೊದಲಿನ ಎರಡು ಹೆರಿಗೆಗಳಿಗೆ ಸಂಬಳ ಸಹಿತ ರಜೆಯನ್ನು 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಆ ಸೌಲಭ್ಯಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಆದರೆ ಇವೆಲ್ಲ ನೌಕರಳಿಗೆ. ಅದೇ ವಾರ್ಡಿನಲ್ಲಿ, ಅದೇ ರಾತ್ರಿ ಪಾಳಿಯಲ್ಲಿ, ಅದೇ ರೋಗಿಯ ಬಳಿ ನಿಂತಿರುವ ವಿದ್ಯಾರ್ಥಿನಿ ನೌಕರಳಲ್ಲ. ಬಸುರಿ ನರ್ಸಿಗೆ ಇರುವ ಹಕ್ಕು ಬಸುರಿ ನರ್ಸಿಂಗ್ ವಿದ್ಯಾರ್ಥಿನಿಗೆ ಇಲ್ಲ.

ಈ ಕೊರತೆ ಸರಕಾರಗಳ ಗಮನಕ್ಕೆ ಬಂದಿಲ್ಲವೆಂದಲ್ಲ. 2021ರ ದಶಂಬರದಲ್ಲಿ ಯು.ಜಿ.ಸಿ.ಯು ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹೆರಿಗೆ ರಜೆ, ಹಾಜರಿಯಲ್ಲಿ ವಿನಾಯಿತಿ ಕೊಡಲು ನಿಯಮ ಮಾಡಿಕೊಳ್ಳಬೇಕೆಂದು ವಿಶ್ವವಿದ್ಯಾಲಯಗಳಿಗೆ ಬರೆಯಿತು. ಕೇರಳ ಸರಕಾರ 2023ರ ಜನವರಿಯಲ್ಲಿ, 18 ವರ್ಷ ತುಂಬಿದ ವಿದ್ಯಾರ್ಥಿನಿಯರಿಗೆ 60 ದಿನಗಳ ತನಕ ಹೆರಿಗೆ ರಜೆ ಎಂದು ಆದೇಶಿಸಿತು. ಶ್ಲಾಘನೀಯ ಹೆಜ್ಜೆ. ಆದರೆ ಈ ಆದೇಶ ಉನ್ನತ ಶಿಕ್ಷಣ ಇಲಾಖೆಯ ಕೆಳಗಿನ ವಿಶ್ವವಿದ್ಯಾಲಯಗಳಿಗೆ ಹೊರಟದ್ದು. ನರ್ಸಿಂಗ್ ಕಾಲೇಜುಗಳು ಸೇರಿರುವ ಆರೋಗ್ಯ ವಿಶ್ವವಿದ್ಯಾಲಯ ಆರೋಗ್ಯ ಇಲಾಖೆಗೆ ಸಂಬಂಧಿಸಿದ್ದು. ಅಲ್ಲದೆ, ನಾವು ಆಗಲೇ ಲೆಕ್ಕ ಹಾಕಿದಂತೆ, 60 ದಿನವೆಂದರೆ ಎಂಟು ವಾರ ಮೀರುತ್ತದೆ. ಹಾಜರಿಯ ಬೇಲಿ ನಾಲ್ಕು ವಾರದ್ದು. ರಜೆ ಕೊಟ್ಟು ಹಾಜರಿಯ ವಿಷಯದಲ್ಲಿ ಸುಮ್ಮನಿದ್ದರೆ, ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ.

ಕಾಸರಗೋಡಿನ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕು ಉಂಟು. ನಮ್ಮ ಹುಡುಗಿಯರಲ್ಲಿ ಬಹಳ ಮಂದಿ ಓದುವುದು ಮಂಗಳೂರಿನಲ್ಲಿ. ಭಾಷೆಯ ಅನುಕೂಲ, ಬಸ್ಸಿನ ಅನುಕೂಲ, ನೆಂಟರ ಮನೆಯ ಅನುಕೂಲ. ಆದರೆ ತಲಪಾಡಿ ದಾಟಿದ ಮೇಲೆ ವಿಶ್ವವಿದ್ಯಾಲಯ ಬೇರೆ, ಕೌನ್ಸಿಲ್ ಬೇರೆ, ಸರಕಾರ ಬೇರೆ. ತಿರುವನಂತಪುರದ ಆದೇಶ ಅಲ್ಲಿ ಓಡುವುದಿಲ್ಲ. ಗಡಿ ಎಂದರೆ ಏನೆಂಬುದನ್ನು 2020ರ ಮಾರ್ಚಿನಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಕೊರೋನಾ ಕಾಲದಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ, ದಿನಾ ಆಚೆಗೆ ಹೋಗಿ ಬರುತ್ತಿದ್ದ ರೋಗಿ, ನರ್ಸು, ವಿದ್ಯಾರ್ಥಿ ಎಲ್ಲರೂ ಇತ್ತ ಕಡೆ ನಿಂತುಬಿಟ್ಟರು. ಮದುವೆಯಾಗಿ ಆಚೆಯ ಹುಡುಗಿ ಈಚೆಗೆ ಬರುತ್ತಾಳೆ, ಈಚೆಯವಳು ಆಚೆಗೆ ಹೋಗುತ್ತಾಳೆ. ಓದಿನ ನಡುವೆ ಒಂದು ಕಾಲೇಜಿನಿಂದ ಇನ್ನೊಂದು ರಾಜ್ಯದ ಕಾಲೇಜಿಗೆ ಬದಲಾಗುವುದು ಸುಲಭವೆಂದು ಯಾರೂ ಭಾವಿಸಬಾರದು. ಗಂಡನ ಮನೆ ಎಲ್ಲಿ, ಕಾಲೇಜು ಎಲ್ಲಿ ಎಂಬ ಲೆಕ್ಕ ಜಾತಕದಷ್ಟೇ ಮುಖ್ಯ.

ಮನೆಯ ಮಾತಿಗೆ ಬರೋಣ. ಒಂದು ಕಾಲದಲ್ಲಿ ನರ್ಸ್ ಹುಡುಗಿ ಎಂದರೆ ಗಂಡಿನ ಕಡೆಯವರು ಮೂಗು ಮುರಿಯುತ್ತಿದ್ದರು. ಈಗ ಗಾಳಿ ತಿರುಗಿದೆ. ಗಲ್ಫಿಗೋ ಯೂರೋಪಿಗೋ ಹೋಗುವ ದಾರಿ ಆದೀತೆಂದು ನರ್ಸ್ ಹುಡುಗಿಯನ್ನೇ ಕೇಳಿಕೊಂಡು ಬರುತ್ತಾರೆ. ಸಂತೋಷ. ಆದರೆ ನರ್ಸ್ ಸೊಸೆ ಬೇಕೆನ್ನುವವರೆಲ್ಲ ರಾತ್ರಿ ಪಾಳಿಗೆ ಹೋಗುವ ಸೊಸೆಯನ್ನು ಒಪ್ಪುವುದಿಲ್ಲ. ವರ್ಷದೊಳಗೆ ತೊಟ್ಟಿಲು ಕಟ್ಟಬೇಕು, ಪರೀಕ್ಷೆಯೂ ಪಾಸಾಗಬೇಕು, ಹಬ್ಬಕ್ಕೆ ಅಡುಗೆಮನೆಯಲ್ಲೂ ಇರಬೇಕು ಎಂದರೆ ಹೇಗೆ? ಹಣ್ಣು ಬೇಕೆನ್ನುವವರು ಗಿಡಕ್ಕೆ ನೀರನ್ನೂ ಹೊಯ್ಯಬೇಕಲ್ಲವೆ?

ಇನ್ನೊಬ್ಬಳ ವಿಚಾರ ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಇವಳೂ ನಮ್ಮ ಶಾಲೆಯವಳೇ. ಎರಡನೆಯ ವರ್ಷದಲ್ಲಿ ಮದುವೆ, ಮೂರನೆಯ ವರ್ಷದಲ್ಲಿ ಮಗು. ಬಸಿರು ತಿಳಿದ ವಾರದಲ್ಲೇ ಆಕೆ ತನ್ನ ಅಧ್ಯಾಪಿಕೆಗೆ ತಿಳಿಸಿದಳು. ಅದು ಬಹಳ ಮುಖ್ಯ. ಎಕ್ಸ್-ರೇ ಕೋಣೆ, ಕ್ಯಾನ್ಸರ್ ಔಷಧದ ವಿಭಾಗ, ಅಂಟುರೋಗದ ವಾರ್ಡು ಬಸುರಿಗೆ ತಕ್ಕ ಜಾಗಗಳಲ್ಲ. ಮೊದಲೇ ತಿಳಿದರೆ ಪಾಳಿಯನ್ನು ಬದಲಿಸಬಹುದು. ಆಕೆ ಒಂದು ವರ್ಷ ಬಿಟ್ಟು ಕಿರಿಯ ತಂಡದೊಡನೆ ಸೇರುವುದಾಗಿ ಕಾಲೇಜಿಗೆ ಅರ್ಜಿ ಬರೆದು ಕೊಟ್ಟಳು, ಅನುಮತಿಯನ್ನು ಬರಹದಲ್ಲೇ ಪಡೆದಳು. ಮಗುವಿಗೆ ಏಳು ತಿಂಗಳಾದಾಗ ಮತ್ತೆ ತರಗತಿಗೆ ಹೋದಳು. ಬೆಳಗ್ಗೆ ಹಾಲು ಹಿಂಡಿಟ್ಟು ಹೋಗುತ್ತಿದ್ದಳು. ಮಗುವನ್ನು ನೋಡಿಕೊಂಡದ್ದು ಅವಳ ಅತ್ತೆ. ಆ ಅತ್ತೆ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. "ನನಗಂತೂ ಓದಲಿಕ್ಕೆ ಆಗಲಿಲ್ಲ ಮಾಸ್ಟ್ರೇ, ಇವಳದ್ದಾದರೂ ಮುಗಿಯಲಿ" ಎಂದು ಒಮ್ಮೆ ನಮ್ಮೊಡನೆ ಹೇಳಿದ್ದರು. ಹುಡುಗಿ ಒಂದು ವರ್ಷ ತಡವಾಗಿ ಪಾಸಾದಳು. ಈಗ ನಮ್ಮ ಜಿಲ್ಲೆಯದೇ ಒಂದು ಆಸ್ಪತ್ರೆಯಲ್ಲಿ ಇದ್ದಾಳೆ.

ಇಬ್ಬರು ಹುಡುಗಿಯರ ಬುದ್ಧಿಯಲ್ಲಿ ಹೆಚ್ಚು ಕಡಿಮೆ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಎರಡೇ ವಿಷಯದಲ್ಲಿ: ಒಂದು ಅರ್ಜಿ, ಒಬ್ಬರು ಅತ್ತೆ.

ಇದು ಒಂದು ಮನೆಯ ಲಾಭನಷ್ಟದ ಮಾತು ಮಾತ್ರವಲ್ಲ. ನಮ್ಮ ಜಿಲ್ಲೆಯ ಆಸ್ಪತ್ರೆಗೆ ಹೋದ ಕನ್ನಡದ ಮುದುಕಿಯೊಬ್ಬರು "ಹೊಟ್ಟೆ ಮುರಿಯುತ್ತದೆ" ಎಂದರೆ, ಆ ನೋವು ಎಂಥದೆಂದು ಆ ಕ್ಷಣ ತಿಳಿಯುವ ನರ್ಸು ಬಳಿಯಲ್ಲಿರಬೇಕು. ಮಲಯಾಳ ಮಾತ್ರ ಬಲ್ಲವರು ದುಷ್ಟರಲ್ಲ, ಅವರಿಗೆ ಅರ್ಥವಾಗುವುದಿಲ್ಲ ಅಷ್ಟೆ. ಕನ್ನಡ, ತುಳು, ಮಲಯಾಳ ಮೂರನ್ನೂ ಆಡಬಲ್ಲ ಹುಡುಗಿಯರು ಇರುವುದು ನಮ್ಮ ಮನೆಗಳಲ್ಲಿ. ಕಛೇರಿಯಲ್ಲಿ ಕನ್ನಡ ಬೇಕೆಂದು ನಾವು ಮನವಿ ಸಲ್ಲಿಸುತ್ತೇವೆ, ಧರಣಿ ಕೂರುತ್ತೇವೆ. ಅದು ಬೇಕು. ಆದರೆ ಆಸ್ಪತ್ರೆಯ ಹಾಸಿಗೆಯ ಬಳಿ ಕನ್ನಡ ಬರಬೇಕಾದರೆ, ಮೂರನೆಯ ವರ್ಷದಲ್ಲಿ ಓದು ಬಿಟ್ಟ ಪ್ರತಿಯೊಬ್ಬ ಹುಡುಗಿಯೂ ನಮ್ಮ ಭಾಷೆಯ ನಷ್ಟವೆಂದು ತಿಳಿಯಬೇಕು.

ನರ್ಸು ಎಂದರೆ ಸಂಸಾರವಿಲ್ಲದ ತ್ಯಾಗಮೂರ್ತಿ ಎಂಬ ಹಳೆಯ ಚಿತ್ರವನ್ನೂ ಬಿಡುವುದು ಲೇಸು. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡು ಜಿಲ್ಲೆಯ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಅವರು ನಿಪಾ ರೋಗಿಯ ಶುಶ್ರೂಷೆ ಮಾಡಿ ಅದೇ ರೋಗದಿಂದ ತೀರಿಕೊಂಡರು. ಅವರು ಇಬ್ಬರು ಪುಟ್ಟ ಮಕ್ಕಳ ತಾಯಿಯಾಗಿದ್ದರು. ಹೆಂಡತಿಯೂ ತಾಯಿಯೂ ಆಗಿರುವ ಹೆಣ್ಣುಗಳೇ ನಮ್ಮ ಆಸ್ಪತ್ರೆಗಳನ್ನು ನಡೆಸುತ್ತಿದ್ದಾರೆ. ಹಾಗಿರುವಾಗ ಅವರನ್ನು ತಯಾರು ಮಾಡುವ ಶಾಲೆ ಮಾತ್ರ ತಾಯ್ತನವನ್ನು ಕಾಣದಂತೆ ಇರುವುದು ಸರಿಯಲ್ಲ.

ಆಗಬೇಕಾದದ್ದೇನು? ಸರಕಾರದ ಮಟ್ಟದಲ್ಲಿ ಒಂದು ಸಂದರ್ಭ ಒದಗಿದೆ. 1947ರ ನರ್ಸಿಂಗ್ ಪರಿಷತ್ ಕಾಯಿದೆಯ ಸ್ಥಾನಕ್ಕೆಂದು ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿದೆ. ಈ ಹೊಸ ವ್ಯವಸ್ಥೆಯ ನಿಯಮಗಳಲ್ಲಿ ವಿದ್ಯಾರ್ಥಿನಿಯ ಹೆರಿಗೆ ರಜೆ, ಮತ್ತೆ ಸೇರುವ ಹಕ್ಕು, ತಪ್ಪಿದ ವಾರ್ಡಿನ ಗಂಟೆಗಳನ್ನು ಹೆಚ್ಚಿನ ಶುಲ್ಕವಿಲ್ಲದೆ ಪೂರೈಸುವ ಕ್ರಮ, ಇವು ಮೂರೂ ದೇಶಕ್ಕೆಲ್ಲ ಒಂದೇ ರೀತಿಯಾಗಿ ಬರಲಿ. ಗಂಟೆಗಳನ್ನು ಕಡಿಮೆ ಮಾಡಿರೆಂದು ನಾವು ಕೇಳುವುದಿಲ್ಲ. ತುಂಬಿಸಲು ಕಾಲ ಕೊಡಿರೆಂದು ಕೇಳುತ್ತೇವೆ. ದೇಶಕ್ಕೆ ಒಂದೇ ನಿಯಮವಾದರೆ ತಲಪಾಡಿಯ ಆಚೆ ಈಚೆ ಎಂಬ ತೊಡಕೂ ತೀರುತ್ತದೆ.

ನಿಯಮ ಬರುವ ತನಕ ನಾವು ಕಾಯಬೇಕಾಗಿಲ್ಲ. ಮಗಳನ್ನು ಸೇರಿಸುವ ದಿನವೇ, ಓದಿಗೆ ವಿರಾಮ ಬಂದರೆ ಮತ್ತೆ ಸೇರಿಸಿಕೊಳ್ಳುವ ಕ್ರಮವೇನು, ಶುಲ್ಕವೇನು ಎಂದು ಕೇಳಿ ಬರಹದಲ್ಲಿ ಪಡೆಯಿರಿ. ಸಂಬಂಧ ಕುದುರಿಸುವಾಗ ಚಿನ್ನ, ಚಪ್ಪರ, ಊಟದ ಎಲೆಯ ಲೆಕ್ಕ ಮಾತಾಡುವ ಹಿರಿಯರು, ಓದು ಮುಗಿಯಲು ಇನ್ನೆಷ್ಟು ಸೆಮಿಸ್ಟರು, ಆ ತನಕ ಶುಲ್ಕ ಕಟ್ಟುವವರು ಯಾರು, ಸಾಲ ತೀರಿಸುವವರು ಯಾರು ಎಂಬುದನ್ನೂ ಎರಡು ಕಡೆಯವರ ಎದುರಲ್ಲೇ ಮಾತಾಡಲಿ. ಮಗು ಯಾವಾಗ ಎಂಬುದನ್ನು ನೆರೆಹೊರೆಯವರ ಪ್ರಶ್ನೆಗೆ ಬಿಡದೆ, ಗಂಡಹೆಂಡಿರು ವೈದ್ಯರನ್ನು ಕೇಳಿ ತಾವೇ ನಿಶ್ಚಯಿಸಲಿ. ಹೆರಿಗೆಯಾದರೆ, ಬಯಕೆಗೆ ಸೀರೆ ಉಡಿಸಿದ ಕೈಗಳೇ ಆರು ತಿಂಗಳ ಮೇಲೆ ಮಗುವನ್ನೂ ಎತ್ತಿಕೊಳ್ಳಲಿ. ಗಂಡನಾದವನೂ ಎತ್ತಿಕೊಳ್ಳಲಿ, ಅದರಲ್ಲಿ ಅವಮಾನವೇನೂ ಇಲ್ಲ.

ಮೂರನೆಯ ಪ್ರಶ್ನೆ ಕೇಳುವ ತಾಯಂದಿರಿಗೆ ಈಗ ನಾವು ಹೇಳುವ ಉತ್ತರ ಇಷ್ಟೆ: "ಒಳ್ಳೆಯ ಸಂಬಂಧ ಬಂದು ಮಗಳೂ ಒಪ್ಪಿದರೆ ಮಾಡಿ, ಅಮ್ಮಾ. ಆದರೆ ಆ ಸಂಬಂಧ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಒಂದೇ ಮಾತು ಕೇಳಿ. ಓದು ಮುಗಿಯುವ ತನಕ ಮಗುವನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿ."